ವ್ಯಾಯಾಮ ಒಳ್ಳೆಯದು ಅಂತ ಗೊತ್ತಿದ್ದರೂ ಮಾಡೋಕೆ ಯಾಕೆ ಮನಸ್ಸು ಬರುವುದಿಲ್ಲ?

ಇದು ಬರೀ ಸೋಮಾರಿತನ ಅಲ್ಲ, ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬೇಟೆಯಾಡಿ, ಗೆಡ್ಡೆ ಅಗೆದು ಬದುಕಿದ ಕಾಲದಲ್ಲಿ ಊಟ ಸಿಗುವುದೇ ಕಷ್ಟವಿತ್ತು. ಕೆಲಸವಿಲ್ಲದಾಗ ಸುಮ್ನೆ ಕೂತು ಶಕ್ತಿ ಉಳಿಸುವುದು ದೇಹಕ್ಕೆ ರೂಢಿಯಾಯಿತು. ಆದರೆ ಆಗ ಹೊಟ್ಟೆಪಾಡಿಗೇ ಓಡಾಡಬೇಕಿತ್ತು. ಈಗ ಬೆಂಗಳೂರಿನಲ್ಲಿ ಟ್ರಾಫಿಕ್‌ನಲ್ಲೂ ಕೂತು, ಆಫೀಸಿನಲ್ಲೂ ಕೂತು ದಿನ ಮುಗಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ. ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಮೊದಲು ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಬೇಕು ಅನ್ನುತ್ತಿದ್ದರು. 2020ರ ಮಾರ್ಗಸೂಚಿಯಲ್ಲಿ ಆ ಷರತ್ತು ತೆಗೆದರು. ನನಗೆ ಇದೇ ದೊಡ್ಡ ಸಮಾಧಾನ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ಒಬ್ಬರೇ ನಡೆಯಲು ಬೇಜಾರಾದರೆ ಗೆಳೆಯರನ್ನು ಕರೆದುಕೊಂಡು ಲಾಲ್‌ಬಾಗ್‌ಗೆ ಹೋಗಿ. ಮಂಡಿ ನೋವಿದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.