ಓದುಗರ ಪ್ರಶ್ನೆ: ಫೈಟೂ ಇರ್ಬೇಕು, ಪ್ರೀತಿನೂ ನಿಜ ಇರ್ಬೇಕು

ಪ್ರಶ್ನೆ: ಅಣ್ಣ, ನಾನು ಕಾರವಾರದಲ್ಲಿ ಡಿಗ್ರಿ ಓದ್ತಾ ಇದೀನಿ. ಸಂಜೆ ಟಾಗೋರ್ ಬೀಚಲ್ಲಿ ಫ್ರೆಂಡ್ಸ್ ಕೂತ್ರೆ ಮಾತೆಲ್ಲಾ ಅದೇ ನಾಲ್ಕು ಫೇಮಸ್ ಮಾಂಗಾದ್ದು, ಅಂದ್ರೆ ಜಪಾನಿ ಕಾಮಿಕ್ಸ್‌ದು. ಅತಿಮಾನುಷ ಶಕ್ತಿ, ಹೊಡೆದಾಟ ನಂಗೂ ಇಷ್ಟನೇ, ಆದ್ರೆ ಲವ್ ಅನ್ನೋದು ಎಲ್ಲದ್ರಲ್ಲೂ ಹೆಸರಿಗೆ ಮಾತ್ರ. ಪ್ರೀತಿ ತೆಗೆದ್ರೆ ಕಥೆನೇ ಮುಂದಕ್ಕೆ ಹೋಗಬಾರ್ದು, ಅಂಥದ್ದು ಯಾವ್ದಾದ್ರೂ ಇದ್ಯಾ? ಅದರ ಆನಿಮೆ, ಅಂದ್ರೆ ಕಾರ್ಟೂನ್ ಸೀರೀಸ್, ನೋಡಿದ್ರೆ ಸಾಕಾ ಅಂತಾನೂ ಹೇಳಿ.
- ಓದುಗಿ, ಕಾರವಾರ

ಉತ್ತರ: ಇದೆ ತಂಗಿ, ‘ಅನ್‌ಡೆಡ್ ಅನ್‌ಲಕ್’ ಓದು. ಯೋಶಿಫುಮಿ ತೊಜುಕಾ ಅವರದ್ದು, 2020ರ ಜನವರಿಯಿಂದ 2025ರ ಜನವರಿವರೆಗೆ ವೀಕ್ಲಿ ಶೋನೆನ್ ಜಂಪ್ ಅನ್ನೋ ಜಪಾನಿ ವಾರಪತ್ರಿಕೇಲಿ ಬಂತು, 27 ಸಂಪುಟಕ್ಕೆ ಮುಗೀತು. ಅಷ್ಟಾಗಿಯೂ ನಮ್ಮ ಕಡೆ ಇದರ ಹೆಸರೆತ್ತೋರೇ ಕಮ್ಮಿ, ನಂಗೆ ನಿಜವಾಗ್ಲೂ ಬೇಜಾರಾಗತ್ತೆ.

ಫೂಕೊ ಅಂತ ಹುಡುಗಿ, ಅವಳ ಮೈ ಯಾರಿಗೆ ತಾಗತ್ತೋ ಅವರಿಗೆ ಕೇಡು ಗ್ಯಾರಂಟಿ. ಚಿಕ್ಕೋಳಿದ್ದಾಗ ಅಪ್ಪ ಅಮ್ಮ ವಿಮಾನ ಅಪಘಾತದಲ್ಲಿ ಹೋದ್ರು, ಆಮೇಲೆ ಯಾರನ್ನೂ ಹತ್ರ ಬಿಟ್ಕೊಳ್ದೆ ಮನೇಲೇ ಲವ್ ಸ್ಟೋರಿ ಮಾಂಗಾ ಓದ್ಕೊಂಡು ಬೆಳೆದೋಳು. ಇನ್ನೊಬ್ಬ ಆಂಡಿ, ಕಡಿದ್ರೂ ಸುಟ್ರೂ ಮತ್ತೆ ಎದ್ದು ಬರ್ತಾನೆ, ಸಾಯೋ ದಾರಿ ಹುಡುಕ್ತಾ ಅಲೀತಾ ಇರ್ತಾನೆ.

ಅಸಲಿ ವಿಷ್ಯ ಈಗ ಬಂತು. ಫೂಕೊಗೆ ಎದುರಿಗಿರೋರ ಮೇಲೆ ಎಷ್ಟು ಪ್ರೀತಿನೋ ಅಷ್ಟು ದೊಡ್ಡ ಕೇಡು, ಮನಸ್ಸಿಗೆ ಹತ್ರ ಆದೋನನ್ನ ಮುಟ್ಟಿದ್ರೆ ಆಕಾಶದಿಂದ ಉಲ್ಕೆನೇ ಬಂದು ಬೀಳತ್ತೆ. ಇವಳು ಮನಸಾರೆ ಪ್ರೀತಿಸಿದ್ರೆ ನಂಗೆ ಒಳ್ಳೇ ಸಾವು ಸಿಗತ್ತೆ ಅಂತ ಆಂಡಿ ಬೆನ್ನು ಹತ್ತತಾನೆ, ಶುರುವಾಗೋದು ಸ್ವಾರ್ಥದಿಂದಾನೇ, ಆದ್ರೆ ಶತ್ರು ಎದುರಿಗೆ ಬಂದಾಗ ಅವಳ ಕೈ ಹಿಡಿಯೋದೇ ಇವರಿಬ್ರ ಆಯುಧ, ಹಿಡಿದಷ್ಟೂ ಅವಳ ಮನಸ್ಸು ಅವನ ಕಡೆ ವಾಲತ್ತೆ, ವಾಲಿದಷ್ಟೂ ಮುಂದಿನ ಹೊಡೆತ ಜೋರು. ಬಾಯಿ ಬಿಟ್ಟು ಏನೂ ಹೇಳದೇ ಇದ್ರೂ ಬಿದ್ದ ಕೇಡಿನ ಗಾತ್ರ ನೋಡಿದ್ರೆ ಅವಳ ಮನಸ್ಸು ಎಲ್ಲಿಗೆ ಬಂತು ಅಂತ ಗೊತ್ತಾಗ್ಬಿಡತ್ತೆ. ಎಷ್ಟು ಚೆಂದ ಅಲ್ವಾ!

ಶಿರಸಿ, ಸಿದ್ದಾಪುರ ಕಡೆ ತಾಳಮದ್ದಳೆ ಕೇಳಿದೋರಿಗೆ ಪಾಂಡುವಿನ ಶಾಪ ಗೊತ್ತಿರತ್ತೆ, ಆಸೆಯಿಂದ ಮಾದ್ರಿನ ಮುಟ್ಟಿದ್ದೇ ಪ್ರಾಣ ಹೋಯ್ತು, ಕಥೆ ಅಲ್ಲಿಗೆ ಮುಗೀತು. ಇಲ್ಲಿ ಶಾಪ ಹೆಣ್ಣಿಗೆ, ಗಂಡಿಗೆ ಸಾವಿಲ್ಲ. ಮುಟ್ಟಿ, ಸತ್ತ ಹಾಗಾಗಿ, ಎದ್ದು ಬಂದ ಮೇಲೆ ಇಬ್ರೂ ಮುಖ ನೋಡ್ಕೊಳ್ಳೋದಿದ್ಯಲ್ಲ, ಕಥೆ ಇರೋದೇ ಅಲ್ಲಿ.

ಆ ಲೋಕದ ನಿಯಮಗಳೂ ಮಜಾ ಇದೆ. ಶುರುವಲ್ಲಿ ಆಕಾಶದಲ್ಲಿ ನಕ್ಷತ್ರನೇ ಇರಲ್ಲ, ಓದೋವಾಗ ನಮ್ಗೆ ಅದು ಕಣ್ಣಿಗೂ ಬೀಳಲ್ಲ. ಮುಂದಿಂದು ಹೇಳಲ್ಲ.

ಒಂದು ಮಾತು ಮೊದ್ಲೇ ಹೇಳ್ಬೇಕು. ಶುರುವಿನ ಚಾಪ್ಟರುಗಳಲ್ಲಿ ಆಂಡಿ ಕೇಳದೇನೇ ಅವಳ ಮೈಗೆ ಕೈ ಹಾಕ್ತಾನೆ, ಅದನ್ನ ಕಾಮಿಡಿ ಅಂತ ಬರೆದಿದಾರೆ. ಅದು ತಪ್ಪೇ, ಸಮರ್ಥನೆ ಮಾಡಲ್ಲ, ಸುಮಾರು ಜನ ಅಲ್ಲೇ ಬಿಟ್ಟೂ ಬಿಡ್ತಾರೆ. ಕಥೆನೂ ಫೂಕೊ ಸಾಯೋಕೆ ಹೊರಟಲ್ಲಿಂದ ಶುರು ಆಗತ್ತೆ, ಮನಸ್ಸು ಸರಿ ಇಲ್ದೇ ಇದ್ದಾಗ ಓದಬೇಡ. ಆದ್ರೆ ಎರಡನೇ ಸಂಪುಟ ದಾಟು, ಇಬ್ರ ನಡುವೆ ಗೌರವ ಹೇಗೆ ಬೆಳೆಯತ್ತೆ ನೋಡು.

ಆನಿಮೆ ವಿಷ್ಯಕ್ಕೆ ಬಂದ್ರೆ, ಡೇವಿಡ್ ಪ್ರೊಡಕ್ಷನ್ ಸ್ಟುಡಿಯೋ ಮಾಡಿದ 24 ಎಪಿಸೋಡು 2023ರ ಅಕ್ಟೋಬರಿಂದ ಬಂತು, ಬಣ್ಣ ಸಂಗೀತ ಎಲ್ಲಾ ಚೆನ್ನಾಗಿದೆ, ಆದ್ರೆ ಅದು ಕಥೆಯ ಒಂದು ಪಾಲು ಅಷ್ಟೇ. ಅರ್ಧ ಕಳೆದ ಮೇಲೆ ಫೂಕೊನೇ ಕಥೆನ ಹೆಗಲ ಮೇಲೆ ಹೊತ್ಕೊಂಡು ನಡೀತಾಳೆ, ಆ ಭಾಗಕ್ಕೆ ಮಾಂಗಾನೇ ಓದ್ಬೇಕು. ಮಾಂಗಾ ಪ್ಲಸ್ ಆಪಲ್ಲಿ ಮೊದಲ ಚಾಪ್ಟರುಗಳು ಇಂಗ್ಲಿಷಲ್ಲಿ ಫ್ರೀ ಸಿಗತ್ತೆ, ಅಲ್ಲಿಂದಾನೇ ಶುರು ಮಾಡು.