ಲೆಕ್ಕ ಕೇಳಿದ್ದು ಅಹಂಕಾರವೇ?

ಓದುಗರ ಪತ್ರ: ಎರಡು ವರ್ಷದಿಂದ ಒಂದು ಅದ್ವೈತ ಸತ್ಸಂಗಕ್ಕೆ ಹೋಗುತ್ತಿದ್ದೇನೆ. 'ನಾನು' ಎನ್ನುವುದು ಸುಳ್ಳು, ಇರುವುದು ಅರಿವು ಒಂದೇ ಎಂದು ಕೇಳಿ ಕೇಳಿ ಬಾಯಿಪಾಠವಾಗಿದೆ. ಆದರೂ ಸಿಟ್ಟು ಬರುತ್ತದೆ. ಈ ಅಹಂಕಾರವನ್ನು ಕೊಲ್ಲುವುದು ಹೇಗೆ? ತಾ.ಕ.: ಊಟದ ಮನೆ ಕಟ್ಟಿಸಲು ನಾವೆಲ್ಲ ಕೊಟ್ಟ ಹಣದ ಲೆಕ್ಕ ಕೇಳಿದೆ. 'ಕೇಳುತ್ತಿರುವುದು ಯಾರು ಅಂತ ಮೊದಲು ನೋಡಿಕೊಳ್ಳಿ' ಎಂದರು ಸತ್ಸಂಗದವರು. ನಾಚಿಕೆಯಾಗಿ ಸುಮ್ಮನಾದೆ. (ಓದುಗರೊಬ್ಬರು, ಸಾಗರ)

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಕಾಗದ ನಾಲ್ಕು ಪುಟ ಇತ್ತು. ಇಲ್ಲಿ ಅದರ ಸಾರ ಮಾತ್ರ ಹಾಕಿದ್ದೇನೆ, ಕ್ಷಮಿಸಿ. ಮೂರೂಮುಕ್ಕಾಲು ಪುಟ ನಿಮ್ಮ ಅಹಂಕಾರದ ಮೇಲೆ ನೀವೇ ಕೊಟ್ಟ ದೂರು. ನಿಜವಾದ ವಿಷಯವನ್ನು ತಾ.ಕ. ಅಂತ ಕೊನೆಯ ಮೂಲೆಗೆ ತುರುಕಿದ್ದೀರಿ. ಬೈಯಬೇಕಾದ್ದು ಅದಕ್ಕೆ, ಸಿಟ್ಟು ಬಂದಿದ್ದಕ್ಕಲ್ಲ.

ಅಹಂಕಾರ ಸಾಯಬೇಕು ಎನ್ನುವವರ ಮಾತಿನಲ್ಲೂ ಹುರುಳಿದೆ. ನಾನು, ನನ್ನದು ಅಂತ ಮನುಷ್ಯ ಮಾಡುವ ಅನಾಹುತವನ್ನು ದಿನಾ ನೋಡುತ್ತೇವೆ. ಒಪ್ಪಿದೆ. ಆದರೆ ಕೊಲ್ಲುವ ಕೆಲಸ ಯಾರಿಗೆ ವಹಿಸುತ್ತೀರಿ? ರಮಣ ಮಹರ್ಷಿಗಳು ಒಂದು ಹೋಲಿಕೆ ಕೊಡುತ್ತಿದ್ದರು. ಅಹಂಕಾರದಿಂದಲೇ ಅಹಂಕಾರವನ್ನು ಹಿಡಿಯಹೊರಟರೆ, ಕಳ್ಳನೇ ಪೊಲೀಸ್ ವೇಷ ಹಾಕಿಕೊಂಡು ತನ್ನನ್ನು ಹುಡುಕಿದ ಹಾಗೆ. ಊರೆಲ್ಲ ಸುತ್ತುತ್ತಾನೆ, ಸೀಟಿ ಊದುತ್ತಾನೆ. ಸಿಗುವುದು ಹೇಗೆ?

ನನಗೆ ಇದು ಅರ್ಥವಾಗಿದ್ದು ವಿದ್ಯಾರಣ್ಯರ ಪಂಚದಶಿ ಎಂಬ ವೇದಾಂತ ಗ್ರಂಥದಿಂದ. ಹದಿನಾಲ್ಕನೇ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದವರು, ನಿಮ್ಮ ಮಲೆನಾಡಿನವರೇ ಅನ್ನಿ. ಅದರ ಹತ್ತನೆಯ ಪ್ರಕರಣದ ಹೆಸರು ನಾಟಕದೀಪ. ರಂಗದ ಮೇಲೆ ಒಂದು ದೀಪ ಉರಿಯುತ್ತಿದೆ. ಬುದ್ಧಿ ಕುಣಿಯುವವಳು. ಇಂದ್ರಿಯಗಳು ತಾಳ ಹಾಕುವವರು. ಇಂದ್ರಿಯಗಳಿಗೆ ಸಿಗುವ ವಿಷಯಗಳು ಸಭಿಕರು. ಅಹಂಕಾರವೋ, ಆಟ ಆಡಿಸುವ ಪ್ರಭು. ದೀಪ ಎಲ್ಲರಿಗೂ ಒಂದೇ ಥರ ಬೆಳಕು ಕೊಡುತ್ತದೆ. ಎಲ್ಲರೂ ಎದ್ದು ಹೋದರೂ ಉರಿಯುತ್ತಲೇ ಇರುತ್ತದೆ. ಅದೇ ಸಾಕ್ಷಿ, ಅಂದರೆ ಸುಮ್ಮನೆ ನೋಡುತ್ತಿರುವುದು. ನಿಮ್ಮವರು ಅರಿವು ಅನ್ನುವುದು ಅದನ್ನೇ.

ಇದನ್ನು ಓದಿದಾಗ ನನಗೆ ಕಂಡಿದ್ದು ಯಕ್ಷಗಾನದ ಹರಕೆ ಬಯಲಾಟ. ಚಿಕ್ಕವನಿದ್ದಾಗ ಕಂಬಳಿ ಹೊದ್ದು ಎಷ್ಟು ಆಟ ನೋಡಿದ್ದೇನೋ. ಎದುರು ಸಾಲಿನ ಕುರ್ಚಿಯಲ್ಲಿ ಆಟ ಆಡಿಸುವ ಯಜಮಾನ ಕೂತಿರುತ್ತಿದ್ದ. ಭಾಗವತರ ಪದ ಏರಿದರೆ ಅವನ ಮುಖ ಅರಳುತ್ತಿತ್ತು. ಮಳೆ ಹನಿ ಬಿದ್ದರೆ ಬಾಡುತ್ತಿತ್ತು. ಜನ ಕಡಿಮೆ ಬಂದರೆ ಅವಮಾನ ಅವನಿಗೇ. ಪಾಪ, ರಾತ್ರಿಯಿಡೀ ಅವನಿಗೆ ನೆಮ್ಮದಿ ಅಂತ ಇರಲಿಲ್ಲ. ಆದರೆ ಅವನನ್ನು ಎಬ್ಬಿಸಿ ಹೊರಗೆ ಹಾಕಿ ಅಂತ ವಿದ್ಯಾರಣ್ಯರು ಎಲ್ಲಿ ಹೇಳಿದ್ದಾರೆ? ಬೆಳಕು ಅವನದಲ್ಲ, ದೀಪದ್ದು. ಅಷ್ಟು ತಿಳಿದರೆ ಸಾಕು. ಅವನು ಕೂತಿರಲಿ ಬಿಡಿ. ಮೇಳದವರಿಗೆ ದುಡ್ಡು ಎಣಿಸಿ ಕೊಡುವವನೂ ಅವನೇ ತಾನೆ?

ಪ್ರತಿ ರಾತ್ರಿ ಈ ಯಜಮಾನ ತಾನಾಗೇ ಎದ್ದು ಹೋಗುತ್ತಾನೆ ಕೂಡ. ಗಾಢ ನಿದ್ದೆಯಲ್ಲಿ ನಿಮಗೆ ಸಾಗರವೂ ಇಲ್ಲ, ಸತ್ಸಂಗವೂ ಇಲ್ಲ. ಬೆಳಿಗ್ಗೆ 'ಚೆನ್ನಾಗಿ ನಿದ್ದೆ ಬಂತು' ಅನ್ನುತ್ತೀರಿ. ಯಾರೂ ಇಲ್ಲದ ಮನೆಯಲ್ಲಿ ದೀಪ ಉರಿಯುತ್ತಿತ್ತು ಅನ್ನುವುದಕ್ಕೆ ವೇದಾಂತಿಗಳು ಕೊಡುವ ಪುರಾವೆ ಇದೇ. ವಾದ ಮಾಡುವವರು ಮಾಡಲಿ, ನನಗಂತೂ ಇದು ಹಿಡಿಸಿದೆ.

ಈಗ ನಿಮ್ಮ ತಾ.ಕ.ಗೆ ಬರುತ್ತೇನೆ. 'ಕೇಳುತ್ತಿರುವುದು ಯಾರು?' ಎಂಬುದು, 'ನಾನು ಯಾರು?' ಎಂದು ವಿಚಾರಿಸುವ ರಮಣರ ದಾರಿಯ ಪ್ರಶ್ನೆ. ತನಗೆ ತಾನು ಹಾಕಿಕೊಳ್ಳಬೇಕಾದ ಪ್ರಶ್ನೆ ಅದು, ಎದುರಿನವರ ಬಾಯಿಗೆ ಹಾಕುವ ಬೀಗ ಅಲ್ಲ. 1936ರಲ್ಲಿ ಒಂದು ವ್ಯಾಜ್ಯದಲ್ಲಿ ಸಾಕ್ಷ್ಯ ಪಡೆಯಲು ಕೋರ್ಟಿನ ಕಮಿಷನ್ ರಮಣರಲ್ಲಿಗೇ ಬಂತು. ಬ್ರಹ್ಮಚರ್ಯ, ಗೃಹಸ್ಥ ಮುಂತಾದ ನಾಲ್ಕರಲ್ಲಿ ನೀವು ಯಾವ ಆಶ್ರಮಕ್ಕೆ ಸೇರಿದವರು ಎಂದು ಕೇಳಿದರು. ನಾಲ್ಕನ್ನೂ ಮೀರಿದ ಅತ್ಯಾಶ್ರಮ ಎಂದರು ರಮಣರು. ಆಸ್ತಿಯ ವಿಷಯ ಕೇಳಿದರು, ಅದಕ್ಕೂ ಉತ್ತರ ಕೊಟ್ಟರು. 'ನಾನೇ ಇಲ್ಲ, ಯಾರನ್ನು ಕೇಳುತ್ತೀರಿ' ಅಂತ ವಕೀಲರನ್ನು ಓಡಿಸಲಿಲ್ಲ. ಸಾಕ್ಷಿಯಾಗಿ ನಿಂತವರು ಕೋರ್ಟಿಗೂ ಸಾಕ್ಷಿ ಹೇಳಿದರು.

ಇನ್ನೊಬ್ಬರು ಮುಂಬೈಯ ಅದ್ವೈತ ಗುರು ನಿಸರ್ಗದತ್ತ ಮಹಾರಾಜರು. ಅವರ ಗುರುಪರಂಪರೆಯ ಬೇರು ನಮ್ಮ ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿದೆ, ಇದು ನಮ್ಮವರಿಗೇ ಜಾಸ್ತಿ ಗೊತ್ತಿಲ್ಲ. ಅವರ ಮಾತುಗಳನ್ನು 1973ರಲ್ಲಿ ಇಂಗ್ಲಿಷಿಗೆ ತಂದ ಮಾರಿಸ್ ಫ್ರಿಡ್‌ಮನ್ ಪೋಲೆಂಡಿನ ಎಂಜಿನಿಯರ್. ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ವಿದ್ಯುತ್ ಉಪಕರಣಗಳ ಕಾರ್ಖಾನೆ ನಡೆಸಿದವರು. ಮಹಾರಾಜರು ಗುರು ತೀರಿಕೊಂಡ ಮೇಲೆ ಮನೆ ಬಿಟ್ಟು ಹೋದರು, ಆಮೇಲೆ ಸಂಸಾರಕ್ಕೆ ವಾಪಸ್ ಬಂದರು, ಬೀಡಿ ಅಂಗಡಿ ನಡೆಸಿದರು. ಕೇಳಲು ಬಂದವರ ಮೇಲೆ ರೇಗುತ್ತಲೂ ಇದ್ದರು. 'ಇರುವುದು ಅರಿವು ಒಂದೇ' ಅಂದವರೇ ಆದರೂ ಬೀಡಿ ಕಟ್ಟಿಗೆ ಚಿಲ್ಲರೆ ಎಣಿಸಿಯೇ ಕೊಡಬೇಕು, ಅಲ್ವಾ?

ನನ್ನ ಹೊಟ್ಟೆಯುರಿ ಬೇರೆಯೇ ಇದೆ. 'ಅಹಂಕಾರ ಬಿಡು' ಎಂಬ ಮಾತು ಯಾವಾಗಲೂ ಮೇಲಿನಿಂದ ಕೆಳಕ್ಕೇ ಬೀಳುತ್ತದೆ. ಅತ್ತೆ ಸೊಸೆಗೆ ಹೇಳುತ್ತಾರೆ, ಮೇಷ್ಟ್ರು ಹುಡುಗನಿಗೆ, ಸಾಹೇಬರು ಗುಮಾಸ್ತನಿಗೆ. ಸಂಬಳ ಜಾಸ್ತಿ ಮಾಡಿ ಅಂದವನಿಗೆ ಅಹಂಕಾರ, ಕೊಡದವನಿಗೆ ತತ್ವಜ್ಞಾನ. ಹೆಂಗಸರಂತೂ ಬಾಯಿ ತೆರೆದರೆ ಸಾಕು. ನಮ್ಮ ಕಚೇರಿಯೂ ಇದಕ್ಕೆ ಹೊರತಲ್ಲ. ಒಮ್ಮೆ ಅಹಂ ನಾಶದ ಬಗ್ಗೆ ಒಂದು ಲೇಖನ ಬಂತು, ಜೊತೆಗೆ ಲೇಖಕರ ಮೂರು ಫೋಟೋ. ಲೇಖನ ಹಾಕಿದೆವು, ಫೋಟೋ ಹಾಕಲಿಲ್ಲ. ಬೆಳಿಗ್ಗೆ ಏಳಕ್ಕೇ ಫೋನ್ ಬಂತು, 'ಏನ್ ಸ್ವಾಮಿ, ನಾನು ಯಾರು ಅಂತ ನಿಮಗೆ ಗೊತ್ತಿಲ್ವಾ?' ರಮಣರ ಪ್ರಶ್ನೆಯನ್ನು ಅಷ್ಟು ಜೋರಾಗಿ ಕೇಳಿದವರನ್ನು ನಾನು ಬೇರೆ ನೋಡಿಲ್ಲ. ನಾನೂ ಫೋನ್ ಕುಕ್ಕಿದೆ ಅನ್ನಿ, ಆ ದಿನ ಊಟ ಸೇರಲಿಲ್ಲ. ನನ್ನೊಳಗಿನ ಯಜಮಾನರೂ ಕುರ್ಚಿ ಬಿಟ್ಟು ಎದ್ದಿಲ್ಲ, ನೋಡಿ.

ನಿಮಗೆ ಬಂದ ಸಿಟ್ಟು ಅಹಂಕಾರವೇ ಇರಬಹುದು. ಇರಲಿ. ಇಟ್ಟಿಗೆ, ಸಿಮೆಂಟಿಗೆ ಎಷ್ಟು ಖರ್ಚಾಯಿತು ಎನ್ನುವುದು ಬೇರೆ ವಿಷಯ. ಈ ಭಾನುವಾರ ಹೋಗಿ, ಧ್ಯಾನಕ್ಕೆ ಕೂತು, ಎದ್ದ ಮೇಲೆ ಇನ್ನೊಮ್ಮೆ ಕೇಳಿ. ಒಬ್ಬರೇ ಹೋಗಬೇಡಿ, ದುಡ್ಡು ಕೊಟ್ಟ ಇನ್ನಿಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅಂದ ಹಾಗೆ, ರಸೀದಿ ಇಟ್ಟುಕೊಂಡಿದ್ದೀರಿ ತಾನೆ?