ಬಾಡಿಗೆಗೆಂದು ಮನೆ ಕೊಳ್ಳುವವರ ಪ್ರಶ್ನೆಗಳು

ಪ್ರಶ್ನೆ: ನಾನೂ ನನ್ನ ಪತ್ನಿಯೂ ಉದ್ಯೋಗದಲ್ಲಿದ್ದೇವೆ. ಹತ್ತು ವರ್ಷ ಕೂಡಿಟ್ಟ ಹಣದಲ್ಲಿ ಚಿಕ್ಕದೊಂದು ಮನೆ ಕೊಂಡು ಬಾಡಿಗೆಗೆ ಕೊಡಬೇಕೆಂದಿದ್ದೇವೆ. ಬೆಲೆಯ ಶೇ. 70ರಷ್ಟನ್ನು ಸಾಲವಾಗಿ ಕೊಡಲು ಬ್ಯಾಂಕ್ ಒಪ್ಪಿದೆ. ಬರುವ ಬಾಡಿಗೆಯೇ ಸಾಲದ ಕಂತನ್ನು ತೀರಿಸಿಕೊಂಡು ಹೋಗುತ್ತದೆ ಎಂದು ಬಂಧುಗಳು ಹೇಳುತ್ತಾರೆ. ಈ ಮಾತನ್ನು ನಂಬಬಹುದೇ?

ಉತ್ತರ: ನಂಬುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಮನೆ ಕೊಳ್ಳುವವರು ಸಾಮಾನ್ಯವಾಗಿ ಬ್ಯಾಂಕ್ ಎಷ್ಟು ಸಾಲ ಕೊಡುತ್ತದೆ ಎಂಬಲ್ಲಿಂದ ಆರಂಭಿಸುತ್ತಾರೆ. ಆದರೆ ನಿಮ್ಮಂತಹ ಸಂಬಳದಾರರ ವಿಷಯದಲ್ಲಿ ಬ್ಯಾಂಕ್ ಮುಖ್ಯವಾಗಿ ಅಳೆಯುವುದು ನಿಮ್ಮ ಸಂಬಳಕ್ಕೆ ಕಂತು ಕಟ್ಟುವ ಶಕ್ತಿ ಇದೆಯೇ ಎಂಬುದನ್ನು. ಆ ಮನೆಗೆ ತನ್ನ ಸಾಲವನ್ನು ತಾನೇ ಹೊರುವ ಶಕ್ತಿ ಇದೆಯೇ ಎಂಬುದನ್ನು ಅಳೆಯಬೇಕಾದವರು ನೀವು.

ಮನೆಯ ಬೆಲೆಯನ್ನು 100 ಎಂದಿಟ್ಟುಕೊಳ್ಳೋಣ. ನೋಂದಣಿ, ವಕೀಲರ ಶುಲ್ಕ, ಬಾಡಿಗೆಗೆ ಕೊಡುವ ಮುನ್ನ ಮಾಡಿಸುವ ಸುಣ್ಣಬಣ್ಣ ಮತ್ತು ಸಣ್ಣಪುಟ್ಟ ಕೆಲಸಗಳಿಗೆ 8 ಖರ್ಚಾದರೆ ನಿಮ್ಮ ನಿಜವಾದ ಹೂಡಿಕೆ 108 ಆಗುತ್ತದೆ. ವರ್ಷದ ಬಾಡಿಗೆ 5 ಎನ್ನಿ. ಹೆಚ್ಚಿನವರು ಇಷ್ಟಕ್ಕೇ ನಿಂತು, ಶೇ. 5ರಷ್ಟು ಆದಾಯವಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಒಬ್ಬರು ಬಿಟ್ಟುಹೋಗಿ ಇನ್ನೊಬ್ಬರು ಬರುವುದರೊಳಗೆ ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಬಿದ್ದಿತೆಂದರೆ ಆ 5 ಎಂಬುದು 4.6ಕ್ಕೆ ಇಳಿಯುತ್ತದೆ. ತೆರಿಗೆ, ವಿಮೆ, ಕೊಳಾಯಿ ಮತ್ತು ವಿದ್ಯುತ್ ದುರಸ್ತಿ, ಕೆಲವು ವರ್ಷಗಳಿಗೊಮ್ಮೆ ಎದುರಾಗುವ ಚಾವಣಿಯ ಕೆಲಸಕ್ಕೆಂದು ಪ್ರತಿವರ್ಷ ತೆಗೆದಿಡಬೇಕಾದ ಪಾಲು, ಇವೆಲ್ಲಕ್ಕೂ ಸೇರಿ 1 ಕಳೆದರೆ ಉಳಿಯುವುದು 3.6. ಅದನ್ನು 108ಕ್ಕೆ ಹೋಲಿಸಿದರೆ ನಿವ್ವಳ ಆದಾಯ ಶೇ. 3.3ರಷ್ಟು ಮಾತ್ರ.

ಈಗ ಸಾಲದ ಕಡೆ ನೋಡಿ. ಶೇ. 8ರ ಬಡ್ಡಿಯಲ್ಲಿ 20 ವರ್ಷಕ್ಕೆ 70 ಸಾಲ ಪಡೆದರೆ ವರ್ಷಕ್ಕೆ ಕಟ್ಟಬೇಕಾದ ಕಂತುಗಳ ಮೊತ್ತ ಸುಮಾರು 7. ಕೈಗೆ ಬರುವುದು 3.6, ಕೈಬಿಡುವುದು 7, ಉಳಿದ 3.4 ನಿಮ್ಮ ಸಂಬಳದಿಂದಲೇ ಹೋಗಬೇಕು. ಮೊದಲ ವರ್ಷ ಕಟ್ಟುವ 7ರಲ್ಲಿ ಸುಮಾರು 5.5 ಬಡ್ಡಿಗೇ ಸಲ್ಲುತ್ತದೆ, ಅಸಲು ಕರಗುವುದು ಸುಮಾರು 1.5ರಷ್ಟು. ಇಪ್ಪತ್ತು ವರ್ಷ ಮುಗಿಯುವ ಹೊತ್ತಿಗೆ ನೀವು ಕಟ್ಟಿದ ಒಟ್ಟು ಬಡ್ಡಿ, ಪಡೆದ ಸಾಲಕ್ಕಿಂತ ತುಸು ಹೆಚ್ಚೇ ಆಗಿರುತ್ತದೆ. ಬಡ್ಡಿ ದರ ಬದಲಾಗುತ್ತಿರುವ ಸಾಲವಾಗಿದ್ದು, ಆರಂಭದಲ್ಲೇ ದರ ಶೇ. 8ರಿಂದ 9ಕ್ಕೆ ಏರಿತೆಂದರೆ ಕಂತು ಶೇ. 7ಕ್ಕಿಂತ ಹೆಚ್ಚು ಏರುತ್ತದೆ, ಇಲ್ಲವೇ ಸಾಲದ ಅವಧಿ ಉದ್ದವಾಗುತ್ತದೆ. ಬಡ್ಡಿ ಏರಿತೆಂಬ ಕಾರಣಕ್ಕೆ ಬಾಡಿಗೆದಾರರು ಹೆಚ್ಚು ಕೊಡುವುದಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ವರ್ಷಕ್ಕೆ 3.6 ಕಂತನ್ನು ಹೊರಬಲ್ಲ ಮನೆ ಅದೇ ದರದಲ್ಲಿ, ಅದೇ ಅವಧಿಗೆ ಹೊರಬಲ್ಲ ಸಾಲ 36ರ ಆಸುಪಾಸಿನದು, 70 ಅಲ್ಲ. ನಾನು ಉದಾಹರಣೆಗೆಂದು ಇಟ್ಟುಕೊಂಡ ಅಂಕಿಗಳ ಜಾಗದಲ್ಲಿ ನೀವು ನೋಡಿರುವ ಮನೆಯ ಅಂಕಿಗಳನ್ನು ಇಟ್ಟು ಲೆಕ್ಕ ಹಾಕಿ. ಸಾಲದ ಗಾತ್ರವನ್ನು ಬಾಡಿಗೆಯೇ ನಿರ್ಧರಿಸಲಿ, ಬ್ಯಾಂಕಿನ ಒಪ್ಪಿಗೆ ಪತ್ರವಲ್ಲ.

ಕಂತಿನೊಳಗೆ ಕರಗುವ ಅಸಲು ನಿಮ್ಮದೇ ಆಸ್ತಿಯಾಗುತ್ತದೆ, ಕಾಲಕ್ರಮದಲ್ಲಿ ಬಾಡಿಗೆಯೂ ಏರಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಪ್ರತಿ ತಿಂಗಳ ಕೊರತೆಯನ್ನು ನಿಮ್ಮಿಬ್ಬರಲ್ಲಿ ಒಬ್ಬರ ಸಂಬಳದಿಂದಲೇ, ಮಕ್ಕಳ ಓದಿಗೂ ಕಾಯಿಲೆಗೂ ಇಟ್ಟ ಹಣ ಮುಟ್ಟದೆ ತುಂಬಿಸಬಲ್ಲಿರಾದರೆ ಹೆಚ್ಚಿನ ಸಾಲವನ್ನೂ ಯೋಚಿಸಬಹುದು. ಮನೆಯ ಬೆಲೆ ಏರುತ್ತದೆ ಎಂಬ ನಿರೀಕ್ಷೆಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ, ಏಕೆಂದರೆ ಏರಿದ ಬೆಲೆ ಕೈಗೆ ಸಿಗುವುದು ಮನೆ ಮಾರಿದ ದಿನ, ಕಂತು ಕಟ್ಟಬೇಕಾದದ್ದು ಪ್ರತಿ ತಿಂಗಳು. ಮುಂಗಡ ಕಟ್ಟಿದ ನಂತರವೂ ಕನಿಷ್ಠ ಆರು ತಿಂಗಳ ಕಂತು ಮತ್ತು ಖರ್ಚಿಗಾಗುವಷ್ಟು ಹಣ ಪ್ರತ್ಯೇಕ ಖಾತೆಯಲ್ಲಿ ಉಳಿದಿರಬೇಕು. ಅಷ್ಟು ಉಳಿಯದಿದ್ದರೆ ಇನ್ನೆರಡು ವರ್ಷ ಕಾಯಿರಿ ಎಂಬುದೇ ನನ್ನ ಸಲಹೆ.

ಪ್ರಶ್ನೆ: ಒಂದೇ ಬೆಲೆಗೆ ದೊಡ್ಡದೊಂದು ಹೊಸ ಮನೆಯೂ, ಹಳೆಯ ಕಟ್ಟಡದಲ್ಲಿ ಎರಡು ಚಿಕ್ಕ ಮನೆಗಳೂ ಸಿಗುತ್ತಿವೆ. ಮೊದಲ ಬಾರಿ ಕೊಳ್ಳುವವರಿಗೆ ಯಾವುದು ಒಳ್ಳೆಯದು?

ಉತ್ತರ: ಎರಡು ಮನೆಗಳಿದ್ದರೆ ಒಂದು ಖಾಲಿ ಬಿದ್ದಾಗಲೂ ಇನ್ನೊಂದರ ಬಾಡಿಗೆ ಬರುತ್ತಿರುತ್ತದೆ, ದೊಡ್ಡ ಮನೆ ಖಾಲಿಯಾದರೆ ಆದಾಯ ಪೂರ್ತಿ ನಿಂತುಹೋಗುತ್ತದೆ. ಈ ಒಂದು ಕಾರಣಕ್ಕಾಗಿಯೇ ನಾನು ಚಿಕ್ಕ ಮನೆಗಳ ಕಡೆಗೆ ವಾಲುತ್ತೇನೆ. ಆದರೆ ಎರಡು ಅಡುಗೆಮನೆ, ಎರಡು ಸ್ನಾನದ ಮನೆ ಎಂದರೆ ದುರಸ್ತಿಯೂ ಇಮ್ಮಡಿ. ಕಟ್ಟಡ ಹಳೆಯದಾದ್ದರಿಂದ ಚಾವಣಿಯ ಸೋರಿಕೆ, ಗೋಡೆಯ ತೇವ, ಹಳೆಯ ವೈರಿಂಗ್ ಮತ್ತು ಒಳಚರಂಡಿಯ ಪೈಪುಗಳನ್ನು ಮಾರುವವರಿಗೂ ದಲ್ಲಾಳಿಗೂ ಸಂಬಂಧವಿಲ್ಲದ ಒಬ್ಬ ಎಂಜಿನಿಯರ್‌ಗೆ ತೋರಿಸಿ. ಸಾಧ್ಯವಾದರೆ ಮಳೆ ಬಂದ ಮರುದಿನ ನೀವೇ ಹೋಗಿ ನೋಡಿ, ಏಕೆಂದರೆ ಹೊಸದಾಗಿ ಬಳಿದ ಬಣ್ಣ ಬೇಸಿಗೆಯಲ್ಲಿ ಬಹಳಷ್ಟನ್ನು ಮುಚ್ಚಿಡುತ್ತದೆ. ಮಾರುವವರಿಗೆ ಆ ಆಸ್ತಿಯ ಮೇಲೆ ಪೂರ್ಣ ಹಕ್ಕಿದೆಯೇ, ಹಳೆಯ ಸಾಲ ಅಥವಾ ವ್ಯಾಜ್ಯ ಉಳಿದಿದೆಯೇ ಎಂಬುದನ್ನು ವಕೀಲರಿಂದ ಪರಿಶೀಲಿಸಿಕೊಳ್ಳದೆ ಮುಂಗಡವನ್ನೂ ಕೊಡಬೇಡಿ.

ಅಲ್ಲಿ ಬಾಡಿಗೆ ಎಷ್ಟು ಬರುತ್ತದೆ ಎಂಬುದಕ್ಕೆ ಮಾರುವವರ ಮಾತು ಆಧಾರವಾಗಬಾರದು. ಅದೇ ಬೀದಿಯಲ್ಲಿ ಬಾಡಿಗೆ ಮನೆ ಹುಡುಕುವವರಂತೆ ನಾಲ್ಕೈದು ಕಡೆ ವಿಚಾರಿಸಿದರೆ ನಿಜವಾದ ದರವೂ, ಮನೆಗಳು ಎಷ್ಟು ದಿನ ಖಾಲಿ ಉಳಿಯುತ್ತವೆ ಎಂಬುದೂ ತಿಳಿಯುತ್ತದೆ.

ಪ್ರಶ್ನೆ: ತಂದೆಯವರಿಂದ ಬಂದ ಒಂದು ಮನೆಯನ್ನು ಪರಿಚಿತರ ಕುಟುಂಬಕ್ಕೆ ಬಾಡಿಗೆಗೆ ಕೊಡುತ್ತಿದ್ದೇನೆ. ಪರಿಚಿತರೇ ಆದ್ದರಿಂದ ಕರಾರು ಪತ್ರ ಕೇಳಲು ಸಂಕೋಚವಾಗುತ್ತಿದೆ. ಇನ್ನೊಂದು ವಿಷಯ, ಪ್ರತಿವರ್ಷ ಬಾಡಿಗೆ ಏರಿಸಲೇಬೇಕೇ?

ಉತ್ತರ: ಪರಿಚಿತರಾದ್ದರಿಂದಲೇ ಕರಾರು ಪತ್ರ ಹೆಚ್ಚು ಅಗತ್ಯ. ಅಪರಿಚಿತರೊಡನೆ ಮನಸ್ತಾಪ ಬಂದರೆ ಹಾಳಾಗುವುದು ಒಂದು ವ್ಯವಹಾರ, ಪರಿಚಿತರೊಡನೆ ಬಂದರೆ ಹಲವು ವರ್ಷಗಳ ಸಂಬಂಧ. ಬಾಡಿಗೆ ಎಷ್ಟು, ಯಾವ ತಾರೀಖಿನೊಳಗೆ ಕೊಡಬೇಕು, ಮುಂಗಡ ಎಷ್ಟು, ಅದರಲ್ಲಿ ಯಾವುದನ್ನು ಮುರಿದುಕೊಳ್ಳಬಹುದು, ಯಾವ ದುರಸ್ತಿ ಯಾರದ್ದು, ಮನೆ ಬಿಡಲು ಅಥವಾ ಬಿಡಿಸಲು ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನೆಲ್ಲ ಬರೆದು ಇಬ್ಬರೂ ಸಹಿ ಹಾಕಿ, ನಿಮ್ಮಲ್ಲಿನ ಕಾನೂನು ಕೇಳುವಂತೆ ನೋಂದಣಿ ಮಾಡಿಸಿ. ಕೀಲಿ ಕೊಡುವ ದಿನ ಗೋಡೆ, ನೆಲ, ನಲ್ಲಿ, ಕಿಟಕಿಗಳ ಫೋಟೊ ತೆಗೆದು ಅವರಿಗೂ ಒಂದು ಪ್ರತಿ ಕಳಿಸಿ. ಮುಂಗಡದ ಹಣವನ್ನು ಎಂದಿಗೂ ನಿಮ್ಮ ಖರ್ಚಿಗೆ ಬಳಸಬೇಡಿ. ಅದು ಅವರ ಹಣ, ನಿಮ್ಮ ಬಳಿ ಇರುವುದು ಕಾಪಿಡುವುದಕ್ಕಾಗಿ. ನನ್ನ ಮೊದಲ ಬಾಡಿಗೆದಾರರು ಮನೆ ಬಿಟ್ಟಾಗ ಮುಂಗಡ ಹಿಂದಿರುಗಿಸಲು ನಾನು ಎರಡು ತಿಂಗಳು ತಡಮಾಡಿದ್ದೆ. ಆ ಹಣವಿಲ್ಲದೆ ಅವರು ಹೊಸ ಮನೆಗೆ ಸಾಲ ಮಾಡಬೇಕಾಯಿತು ಎಂದು ತಿಳಿದಾಗ ಆದ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬಾಡಿಗೆಯನ್ನು ಏರಿಸಲೇಬೇಕೆಂಬ ನಿಯಮವಿಲ್ಲ. ಶೇ. 5ರಷ್ಟು ಏರಿಸಿದ್ದರಿಂದ ಬೇಸತ್ತು ಅವರು ಹೊರಟು, ಮನೆ ಒಂದು ತಿಂಗಳು ಖಾಲಿ ಉಳಿಯಿತೆನ್ನಿ. ಕೈತಪ್ಪಿದ ಆ ಒಂದು ತಿಂಗಳ ಬಾಡಿಗೆಯನ್ನು ಏರಿಕೆಯ ಹಣದಿಂದ ತುಂಬಿಸಿಕೊಳ್ಳಲು 20 ತಿಂಗಳು ಬೇಕು. ಬಣ್ಣ, ದಲ್ಲಾಳಿಯ ಶುಲ್ಕ ಸೇರಿಸಿದರೆ ಇನ್ನೂ ಹೆಚ್ಚು. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡುವ, ಮನೆಯನ್ನು ತಮ್ಮದೆಂಬಂತೆ ನೋಡಿಕೊಳ್ಳುವ ಕುಟುಂಬ ಸಿಕ್ಕಿದ್ದರೆ ಸುತ್ತಲಿನ ದರಕ್ಕಿಂತ ತುಸು ಕಡಿಮೆಯೇ ಇರಲಿ. ಖರ್ಚು ಹೆಚ್ಚಿ ಏರಿಸಲೇಬೇಕಾದಾಗ ಎರಡು ಮೂರು ತಿಂಗಳು ಮೊದಲೇ ಕಾರಣ ಹೇಳಿ ತಿಳಿಸಿ. ನಲ್ಲಿ ಸೋರುತ್ತಿದೆ ಎಂದು ಅವರು ಕರೆ ಮಾಡಿದರೆ ಅದೇ ವಾರದಲ್ಲಿ ಸರಿಪಡಿಸಿಕೊಡಿ.